ಮಲ್ಹೋತ್ರಾ ಎಷ್ಟು ಗೋಲು ಹೊಡೆದ?

116. ಆಡಿದ್ದು 991 ಪಂದ್ಯ. ಆಯ್ತಲ್ಲ, ಇನ್ನು ಕೇಳಬೇಡಿ.

ವ್ಯಾಂಕೂವರ್ ಪಕ್ಕದ ನಮ್ಮ ಮನೆಯ ಹಾಲ್‌ನಲ್ಲಿ ಮ್ಯಾನಿ ಮಲ್ಹೋತ್ರಾನ 27ನೇ ನಂಬರಿನ ಐಸ್ ಹಾಕಿ ಜರ್ಸಿ ನೇತು ಹಾಕಿದ್ದೇನೆ. ಊರಿಂದ ಬಂದವರು ಹೆಸರು ಓದಿ "ಓ, ನಮ್ಮವನಾ?" ಅನ್ನುತ್ತಾರೆ. ಅಪ್ಪನ ಕಡೆ ಭಾರತ, ಅಮ್ಮನ ಕಡೆ ಫ್ರೆಂಚ್ ಕೆನಡಾ, ಹುಟ್ಟಿದ್ದು ಮಿಸಿಸಾಗಾದಲ್ಲಿ. ಇಷ್ಟು ಹೇಳುವುದರೊಳಗೆ ಗೋಲಿನ ಪ್ರಶ್ನೆ ಬಂದೇ ಬರುತ್ತದೆ.

ಹೋದ ಯುಗಾದಿಗೆ ಬಂದವರೊಬ್ಬರು ಒಂದು ಕೈಲಿ ಒಬ್ಬಟ್ಟು, ಇನ್ನೊಂದರಲ್ಲಿ ಫೋನು ಹಿಡಿದು, "ಸಾವಿರಕ್ಕೆ ಒಂಬತ್ತೇ ಕಮ್ಮಿ ಕಣ್ರೀ, ಪಾಪ" ಅಂದರು. ನನಗೆ ಮೈ ಉರಿಯಿತು.

ಪಾಪ ಯಾಕೆ? 2011ರ ಮಾರ್ಚ್‌ನಲ್ಲಿ ವ್ಯಾಂಕೂವರ್ ತಂಡದ ಪರ ಕೊಲರಾಡೊ ವಿರುದ್ಧ ಆಡುವಾಗ ಪಕ್ ಅವನ ಎಡಗಣ್ಣಿಗೆ ಬಡಿಯಿತು. ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರ್ ಬಿಲ್ಲೆ ಅದು. ಆ ಕಣ್ಣಿನ ದೃಷ್ಟಿ ಬಹುಪಾಲು ಹೋಯಿತು. ಈ ವರ್ಷ ಇನ್ನು ಆಡಲ್ಲ ಅಂತ ತಂಡವೇ ಹೇಳಿತ್ತು. ಜೂನ್ 4ಕ್ಕೆ, ಇಲ್ಲಿನ ದೊಡ್ಡ ಹಾಕಿ ಲೀಗ್‌ನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸ್ಟ್ಯಾನ್ಲಿ ಕಪ್ ಫೈನಲ್‌ನ ಎರಡನೇ ಪಂದ್ಯಕ್ಕೆ, ಮುಖ ಪೂರ್ತಿ ಮುಚ್ಚುವ ಶೀಲ್ಡ್ ಹಾಕಿಕೊಂಡು ಇಳಿದ. ಇಡೀ ಕ್ರೀಡಾಂಗಣ ಎದ್ದು ನಿಂತಿತು. ಟಿವಿ ಮುಂದೆ ನಾನೂ ಎದ್ದು ನಿಂತೆ. ಓವರ್‌ಟೈಮ್ ಶುರುವಾದ 11ನೇ ಸೆಕೆಂಡಿಗೆ ನಮ್ಮ ತಂಡದ ಬರೋಸ್ ಹೊಡೆದ ಗೋಲು ಎಲ್ಲರಿಗೂ ನೆನಪಿದೆ. ನನಗೆ ನೆನಪಿರುವುದು ಫೇಸ್‌ಆಫ್‌ಗೆ ಬಗ್ಗಿದ ಮಲ್ಹೋತ್ರಾನ ಬೆನ್ನು.

ಅವನ ಕೆಲಸ ಏನಾಗಿತ್ತು ಅಂತ ಯಾರಾದರೂ ಕೇಳಬಾರದೇ? ಫೇಸ್‌ಆಫ್ ಗೆಲ್ಲುವುದು. ಇಬ್ಬರ ಸ್ಟಿಕ್ ನಡುವೆ ಪಕ್ ಬೀಳುತ್ತದೆ, ರೆಪ್ಪೆ ಬಡಿಯುವಷ್ಟರಲ್ಲಿ ಅದನ್ನು ತನ್ನವರ ಕಡೆ ಎಳೆಯಬೇಕು. ಆ ಸೀಸನ್‌ನಲ್ಲಿ ನೂರಕ್ಕೆ ಅರವತ್ತಕ್ಕಿಂತ ಜಾಸ್ತಿ ಗೆದ್ದಿದ್ದ. ಅದೂ ಹೆಚ್ಚಾಗಿ ತನ್ನ ತಂಡದ ಗೋಲಿನ ಹತ್ತಿರ, ಸೋತರೆ ಗೋಲು ಬೀಳುವಂಥ ಜಾಗದಲ್ಲಿ. ಆ ಭಾರ ಅವನು ಹೊತ್ತಿದ್ದಕ್ಕೇ ತಂಡದ ಸ್ಟಾರ್‌ಗಳಾದ ಸೆಡೀನ್ ಅವಳಿಗಳು ಎದುರಾಳಿಯ ಗೋಲಿನ ಹತ್ತಿರ ಆಟ ಶುರು ಮಾಡುತ್ತಿದ್ದರು. ಆ ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು, 104 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ), ಡೇನಿಯಲ್ ಸೆಡೀನ್‌ದು. ಅದರಲ್ಲಿ ಮಲ್ಹೋತ್ರಾನ ಪಾಲು ಎಷ್ಟು ಅಂತ ಯಾವ ಫೋನೂ ತೋರಿಸಲ್ಲ.

2013ರಲ್ಲಿ, ಈ ಕಣ್ಣಲ್ಲಿ ಆಡುವುದು ಅಪಾಯ ಅಂತ ತಂಡ ಅವನನ್ನು ಕೂರಿಸಿತು. ಅವನು ಸುಮ್ಮನೆ ಮನೆಗೆ ಹೋಗಲಿಲ್ಲ. ಕೆಳಗಿನ ಲೀಗ್‌ನ ಶಾರ್ಲೆಟ್ ತಂಡದಲ್ಲಿ ಟ್ರಯಲ್ ಮೇಲೆ ಆಡಿ, ಮೇಲೆ ಬಂದು, ಕ್ಯಾರೊಲೈನಾ, ಮಾಂಟ್ರಿಯಲ್‌ಗಳಿಗೆ ಆಡಿದ. ಆ 991ರಲ್ಲಿ ಇನ್ನೂರಕ್ಕಿಂತ ಜಾಸ್ತಿ ಪಂದ್ಯ ಕಣ್ಣಿಗೆ ಏಟು ಬಿದ್ದ ಮೇಲಿನವು. ಒಂಬತ್ತು ಕಮ್ಮಿಯಂತೆ!

ಆ ಯುಗಾದಿಯ ದಿನ ಸರಿಯಾದ ಪ್ರಶ್ನೆ ಕೇಳಿದ್ದು ಒಬ್ಬಟ್ಟು ಹಿಡಿದಿದ್ದ ಅತಿಥಿಯ ಹತ್ತು ವರ್ಷದ ಮಗ. "ಅಂಕಲ್, ಒಂದೇ ಕಣ್ಣಲ್ಲಿ ಬೀಳೋ ಪಕ್ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ?" ಅಡುಗೆಮನೆಯಿಂದ ಎರಡು ಸೌಟು, ಒಂದು ಡಬ್ಬಿ ಮುಚ್ಚಳ ತಂದೆ. ಅವನು ಎಡಗಣ್ಣು ಮುಚ್ಚಿ ಬಗ್ಗಿದ. ಮುಚ್ಚಳ ಬಿಟ್ಟೆ. ಅವನ ಸೌಟು ನೆಲಕ್ಕೆ ಬಡಿಯಿತು, ಮುಚ್ಚಳ ಸಿಗಲಿಲ್ಲ. ಮೂರು ಸಲವೂ ಹಾಗೇ ಆಯಿತು.

"ಇನ್ನೊಂದ್ಸಲ ಬಿಡಿ ಅಂಕಲ್" ಅಂದ, ಕಣ್ಣು ತೆರೆಯದೇ.