ಹೊಸಬರಿಗೆ ಮೊದಲ ಕೆಲಸ: 512 ಬೈಟ್‌ನಲ್ಲಿ ಹಾವಿನ ಆಟ

ಎಂಬೆಡೆಡ್ ಕೆಲಸಕ್ಕೆ, ಅಂದರೆ ಸಣ್ಣ ಚಿಪ್ ಇಟ್ಟು ಸಾಧನ ಕಟ್ಟುವ ಕೆಲಸಕ್ಕೆ, ಹೊಸದಾಗಿ ಸೇರಿದವರಿಗೆ ನಾನು ಮೊದಲು ಕೊಡುವುದು ಒಂದು ಆಟ ಕಟ್ಟುವ ಕೆಲಸ. ಹಳೇ ನೋಕಿಯಾ ಫೋನಿನಲ್ಲಿ ಇತ್ತಲ್ವಾ, ಅದೇ ಹಾವಿನ ಆಟ. ಸಾಮಾನು ಇಷ್ಟೇ: ಎಟಿಟೈನಿ85 ಚಿಪ್ (ಪ್ರೋಗ್ರಾಂ ಓಡಿಸುವ ಪುಟ್ಟ ಕಂಪ್ಯೂಟರ್), 128×64 ಚುಕ್ಕಿಯ ಒಎಲ್‌ಇಡಿ ಪರದೆ, ಎರಡು ಬಟನ್, ಒಂದು ಬಜರ್, ನಾಣ್ಯದಂಥ ಸಿಆರ್2032 ಸೆಲ್. ಎಂಟು ಕಾಲಿನ ಈ ಚಿಪ್‌ನಲ್ಲಿ ಕರೆಂಟಿನ ಎರಡು ಕಾಲು, ಮೊದಲಿನಿಂದ ಶುರು ಮಾಡಿಸುವ ರಿಸೆಟ್ ಕಾಲು ಬಿಟ್ಟರೆ ನಮಗೆ ಸಿಗುವುದು ಐದು ಕಾಲು. ಪರದೆಗೆ ಎರಡು, ಬಜರಿಗೆ ಒಂದು. ಉಳಿದ ಎರಡರಲ್ಲಿ ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಹಾವಿಗೆ ಅಷ್ಟು ಸಾಕು.

ಎಲ್ಲರೂ ತಡವರಿಸುವುದು ಆಟ ಓಡುವಾಗ ಲೆಕ್ಕ ಇಟ್ಟುಕೊಳ್ಳುವ ಮೆಮೊರಿ, ಅಂದರೆ ರ‍್ಯಾಮ್ ಹತ್ತಿರ. ಚುಕ್ಕಿಗೆ ಒಂದು ಬಿಟ್, ಎಂಟು ಬಿಟ್‌ಗೆ ಒಂದು ಬೈಟ್ ಲೆಕ್ಕದಲ್ಲಿ ಪರದೆಯ ಪೂರ್ತಿ ಚಿತ್ರ ಇಟ್ಟುಕೊಳ್ಳಲು 1024 ಬೈಟ್ ಬೇಕು, ಚಿಪ್‌ನಲ್ಲಿ ಇರುವುದು 512. "ಮೇಡಂ, ದೊಡ್ಡ ಚಿಪ್ ಹಾಕೋಣ್ವಾ?" ಅಂತಾರೆ. ಬೇಡ, ಮೊದಲು ಪರದೆಯ ಡೇಟಾಶೀಟ್ (ತಯಾರಕರು ಕೊಡುವ ವಿವರದ ಕಾಗದ) ಓದಿ ಅನ್ನುತ್ತೇನೆ. ಪರದೆಯನ್ನು ನಡೆಸುವ ಎಸ್‌ಎಸ್‌ಡಿ1306 ಚಿಪ್ ಒಳಗೇ ಅಷ್ಟೂ ಮೆಮೊರಿ ಇದೆ. ಒಮ್ಮೆ ಬರೆದದ್ದು ನಾವು ಮತ್ತೆ ಬರೆಯುವವರೆಗೂ ಹಾಗೇ ಇರುತ್ತದೆ. ಹಾಗಾದರೆ ಹಾವು ಒಂದು ಹೆಜ್ಜೆ ಇಟ್ಟಾಗ ಬದಲಾಗುವುದು ಏನು? ಎರಡೇ ಮನೆ. ತಲೆ ಬಂದ ಮನೆ, ಬಾಲ ಬಿಟ್ಟ ಮನೆ. ಒಂದು ಮನೆ 8×8 ಚುಕ್ಕಿ, ಅಂದರೆ 8 ಬೈಟ್. 1024ರ ಜಾಗದಲ್ಲಿ 16 ಬೈಟ್ ಚಿತ್ರ ಕಳಿಸಿದರೆ ಮುಗಿಯಿತು.

ಹಾವಿನ ಮೈಗೂ ಇದೇ ಲೆಕ್ಕ. ಪರದೆಯಲ್ಲಿ ಒಟ್ಟು 128 ಮನೆ. ಪ್ರತಿ ತುಂಡೂ ಎಲ್ಲಿದೆ ಅಂತ ಬರೆದಿಡಬೇಕಾಗಿಲ್ಲ. ಮುಂದಿನ ತುಂಡು ಯಾವ ದಿಕ್ಕಿಗೆ ಅನ್ನುವುದು ಗೊತ್ತಿದ್ದರೆ ಸಾಕು, ಅದಕ್ಕೆ ಎರಡು ಬಿಟ್. ಪರದೆ ತುಂಬ ಹಾವೇ ಇದ್ದರೂ 32 ಬೈಟ್! ಈ ಲೆಕ್ಕ ತಾವೇ ಹಾಕಿ ಕಂಡುಕೊಂಡವರು ಮುಂದೆ ಯಾವ ಬೋರ್ಡ್ ಕೊಟ್ಟರೂ ದೊಡ್ಡ ಚಿಪ್ ಕೇಳುವ ಮೊದಲು ಕಾಗದ, ಪೆನ್ ತಗೊಳ್ಳುತ್ತಾರೆ. ನನಗೆ ಬೇಕಾಗಿರುವುದೂ ಅದೇ.

ಬಟನ್ ವಿಷಯ ಸುಲಭ. ಒತ್ತಿದಾಗ ಒಳಗಿನ ಲೋಹದ ತುದಿ ಕೆಲವು ಮಿಲಿಸೆಕೆಂಡು ಅದುರುತ್ತದೆ. ಒಂದು ಒತ್ತು ಎರಡಾಗಿ ಲೆಕ್ಕಕ್ಕೆ ಬಂದರೆ ಹಾವು ಹಿಂದಕ್ಕೇ ತಿರುಗಿ ತನ್ನ ಮೈಗೆ ತಾನೇ ಗುದ್ದುತ್ತದೆ. 5 ಮಿಲಿಸೆಕೆಂಡಿಗೊಮ್ಮೆ ಓದಿ, ನಾಲ್ಕು ಸಲ ಒಂದೇ ಉತ್ತರ ಬಂದರೆ ಮಾತ್ರ ಒಪ್ಪಿಕೊಳ್ಳಿ.

ಜಾಸ್ತಿ ಕಾಡುವುದು ಸೆಲ್. ಯುಎಸ್‌ಬಿಯಲ್ಲಿ ಚೆನ್ನಾಗಿ ಓಡಿದ ಆಟ, ಸೆಲ್ ಹಾಕಿದ ಮೇಲೆ ಹಾವು ತಿಂಡಿ ತಿಂದ ಕೂಡಲೇ ಮೊದಲಿನಿಂದ ಶುರುವಾಗುತ್ತದೆ. ಹುಡುಗರು ಕೋಡ್‌ನಲ್ಲಿ ತಿಂಡಿ ತಿನ್ನುವ ಸಾಲುಗಳನ್ನೇ ಹುಡುಕುತ್ತಾ ಕೂರುತ್ತಾರೆ. ಮಲ್ಟಿಮೀಟರ್ ಇಟ್ಟರೆ 3 ವೋಲ್ಟ್ ಸರಿಯಾಗೇ ತೋರಿಸುತ್ತದೆ. ವೋಲ್ಟೇಜ್ ಕ್ಷಣ ಕ್ಷಣಕ್ಕೂ ಹೇಗೆ ಏರಿಳಿಯುತ್ತದೆ ಎಂದು ತೋರಿಸುವ ಆಸಿಲೋಸ್ಕೋಪ್ ಹಚ್ಚಿದರೆ ಮಾತ್ರ ಗೊತ್ತಾಗುವುದು: ತಿಂದಾಗ ಬಜರ್ ಕೂಗುತ್ತದೆ, ಆ ಕ್ಷಣಕ್ಕೆ ವೋಲ್ಟೇಜ್ ಕುಸಿಯುತ್ತದೆ, ಚಿಪ್ ರಿಸೆಟ್ ಆಗುತ್ತದೆ. ಇಂಥ ಸಣ್ಣ ಸೆಲ್‌ಗೆ ಒಳಗಿನ ರೆಸಿಸ್ಟೆನ್ಸ್ ಹೆಚ್ಚು, ಒಮ್ಮೆಲೇ ಜಾಸ್ತಿ ಕರೆಂಟ್ ಕೊಡಲಾರದು. ಮಲ್ಟಿಮೀಟರ್‌ಗೆ ಅಷ್ಟು ಬೇಗ ನೋಡುವ ಶಕ್ತಿ ಇಲ್ಲ.

ಸೆಲ್‌ಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್ (ಚಾರ್ಜ್ ಕೂಡಿಟ್ಟುಕೊಂಡು ಬೇಕಾದ ಕ್ಷಣಕ್ಕೆ ಕೊಡುವ ಭಾಗ), ಚಿಪ್‌ನ ಕಾಲಿನ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಒಂದು ಹಾಕಿ. ಬಜರ್ ಕೊಳ್ಳುವಾಗ ಪೀಜೋ ಅಂತ ಕೇಳಿ ತಗೊಳ್ಳಿ. ಸುರುಳಿ ಇರುವ ಮ್ಯಾಗ್ನೆಟಿಕ್ ಬಜರ್ ಈ ಸೆಲ್‌ಗೆ ಭಾರ.