ಸಂಗನಕಲ್ಲಿಗೆ ಹೋಗ್ತೀರಾ? ಮೊದಲು ಮ್ಯೂಸಿಯಂ ನೋಡಿ

ಬಳ್ಳಾರಿಗೆ ಬಂದವರು ಕೋಟೆ ಹತ್ತಿ ಇಳಿದು ಹಂಪಿ ಕಡೆ ಹೊರಟುಬಿಡುತ್ತಾರೆ. ಊರಿನ ಪಕ್ಕದಲ್ಲೇ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಿವೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿ ಜನ ದನ ಸಾಕಿಕೊಂಡು, ಹುರುಳಿ, ಹೆಸರು, ಸಿರಿಧಾನ್ಯ ಬೆಳೆದುಕೊಂಡು ಬದುಕಿದ್ದರು. ಅರ್ಧ ದಿನ ಇಟ್ಟುಕೊಂಡರೆ ಸಾಕು.

ಆದರೆ ನೇರವಾಗಿ ಗುಡ್ಡಕ್ಕೆ ಹೋಗಬೇಡಿ. ಬಳ್ಳಾರಿ ನಗರದಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಮ್ಯೂಸಿಯಂ ಇದೆ. ಫೂಟ್ 19ನೇ ಶತಮಾನದಲ್ಲಿ ಈ ನೆಲೆಯನ್ನು ಬೆಳಕಿಗೆ ತಂದ ಭೂವಿಜ್ಞಾನಿ. ಇಲ್ಲಿನ ಕಲ್ಲಿನ ಕೊಡಲಿಗಳನ್ನು ನಿಧಾನವಾಗಿ ನೋಡಿ. ಕೆತ್ತಿ ಬಿಟ್ಟದ್ದು ಯಾವುದು, ಉಜ್ಜಿ ನುಣುಪು ಮಾಡಿದ್ದು ಯಾವುದು ಅಂತ ಕಣ್ಣಿಗೆ ರೂಢಿಯಾಗಲಿ. ಇಲ್ಲದಿದ್ದರೆ ಗುಡ್ಡದ ಮೇಲೆ ಎಲ್ಲವೂ ಬರೀ ಕಲ್ಲಾಗಿಯೇ ಕಾಣುತ್ತದೆ.

ಈ ಗುಡ್ಡಗಳಲ್ಲೊಂದಾದ ಹಿರೇಗುಡ್ಡ ಹತ್ತಿದರೆ ಗ್ರಾನೈಟ್ ಬಂಡೆಗಳ ನಡುವೆ ಕಪ್ಪು ಡೋಲರೈಟ್ ಕಲ್ಲಿನ ಪಟ್ಟಿ ಹಾದುಹೋಗಿದೆ. ಕೊಡಲಿಗೆ ಬೇಕಾದ ಕಲ್ಲು ಇದೇ. ಗಟ್ಟಿ, ಹೊಡೆದರೆ ಚೂಪಾದ ಅಂಚು ಬರುತ್ತದೆ. ಮೊದಲು ದೊಡ್ಡ ಚಕ್ಕೆ ಎಬ್ಬಿಸಿ ಆಕಾರ ಕೊಡುತ್ತಿದ್ದರು, ಆಮೇಲೆ ಸಣ್ಣಗೆ ಕುಟ್ಟುತ್ತಿದ್ದರು, ಕೊನೆಗೆ ಬಂಡೆಯ ಮೇಲೆ ಉಜ್ಜುತ್ತಿದ್ದರು. ಹಾಗೆ ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ನುಣುಪಾದ ತಗ್ಗುಗಳು ಇವತ್ತಿಗೂ ಇವೆ. ಒಂದರೊಳಗೆ ಕೈಯಾಡಿಸಿ ನೋಡಿ, ರೋಮಾಂಚನ ಆಗುತ್ತದೆ! ಕಪ್ಪು ಬಂಡೆಗಳ ಮೇಲೆ ಕುಟ್ಟಿ ಮಾಡಿದ ಗೂಳಿ ಚಿತ್ರಗಳೂ ಇವೆ. ಕೆಲವು ಬಂಡೆ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ಚಿತ್ರ ಇರುವ ಕಡೆ ಮಾತ್ರ ದಯವಿಟ್ಟು ಕಲ್ಲಿನಿಂದ ಹೊಡೆಯಬೇಡಿ.

ಮೂಳೆಯ ಉಪಕರಣ ಗುಡ್ಡದ ಮೇಲೆ ಹುಡುಕಬೇಡಿ, ಸಿಗುವುದಿಲ್ಲ. ಈ ಸೀಮೆಯ ಹಳೆಯ ನೆಲೆಗಳಲ್ಲಿ ಮೂಳೆಯ ಮೊನೆ, ಉಳಿ ಸಿಕ್ಕಿರುವುದು ಉತ್ಖನನದಲ್ಲಿ. ಬಿಸಿಲು ಮಳೆಗೆ ಮೂಳೆ ಪುಡಿಯಾಗುತ್ತದೆ, ಕಲ್ಲು ಉಳಿಯುತ್ತದೆ.

ಕಾಲಡಿಯ ಚಕ್ಕೆಯನ್ನು ಸುಮ್ನೆ ಜೇಬಿಗೆ ಹಾಕಿಕೊಳ್ಳುವವರಿದ್ದಾರೆ. ಅದು ಬಿದ್ದ ಜಾಗದಲ್ಲೇ ಇದ್ದರೆ ತಾನೆ ಎಲ್ಲಿ ಕೂತು ಕೆಲಸ ಮಾಡಿದರು ಅಂತ ತಿಳಿಯೋದು? ಫೋಟೋ ತೆಗೆದು ಅಲ್ಲೇ ಬಿಡಿ. ಕಲ್ಲು ಕ್ವಾರಿಗಳಿಂದ ಈ ಗುಡ್ಡಗಳಿಗೆ ಆಗಿರುವ ಹಾನಿಯೇ ಜಾಸ್ತಿ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ಬೇಡವೇ ಬೇಡ, ಬಂಡೆ ಕಾದು ಕೂರಲೂ ಆಗುವುದಿಲ್ಲ. ಗಟ್ಟಿ ಶೂ, ಟೋಪಿ, ಧಾರಾಳವಾಗಿ ನೀರು ಇರಲಿ. ಜಾಲಿಮುಳ್ಳು ಇರುವುದರಿಂದ ಪೂರ್ತಿ ಪ್ಯಾಂಟ್ ಹಾಕಿ. ದಾರಿ ಬಲ್ಲ ಊರಿನವರೊಬ್ಬರನ್ನು ಕರೆದುಕೊಂಡು ಹೋಗಿ, ಚಿತ್ರಗಳಿರುವ ಬಂಡೆ ಬೇಗ ಸಿಗುತ್ತದೆ. ವಾಪಸ್ ಹೊಸಪೇಟೆ ಕಡೆ ಹೋಗುವವರು ಕುಡತಿನಿಯ ಬೂದಿದಿಬ್ಬವನ್ನೂ ನೋಡಬಹುದು. ಆ ಕಾಲದವರು ದನದ ಸಗಣಿ ರಾಶಿ ಹಾಕಿ ಸುಟ್ಟದ್ದರಿಂದ ಆದ ದಿಬ್ಬ ಅದು.