ಕುದಿಯುವ ನೀರಲ್ಲಿ ಪಾಸಾದ ಪ್ರೋಬ್ ಡ್ರಮ್ಮಿನಲ್ಲಿ ಯಾಕೆ ಹಿಂದೆ ಬೀಳುತ್ತೆ?

ಪುಣೆಯ ನಮ್ಮ ಕೋಥ್ರೂಡ್ ಬಿಲ್ಡಿಂಗಿನಲ್ಲಿ ಧಾರವಾಡದ ಕಾಕಾ ಒಬ್ಬರಿದ್ದಾರೆ, ಅವರೂ ಮನೆಯಲ್ಲೇ ಕಾಫಿ ಬೀಜ ಹುರಿಯುತ್ತಾರೆ. ಮೊನ್ನೆ ಥರ್ಮೋಕಪಲನ್ನು, ಅಂದ್ರೆ ಹುರಿಯುವ ಡ್ರಮ್ಮಿನೊಳಗೆ ಬೀಜದ ಬಿಸಿ ಅಳೆಯುವ ಕಡ್ಡಿಯಂಥ ಪ್ರೋಬನ್ನು, ಕುದಿಯುವ ನೀರಿಗೆ ಇಟ್ಟು ನೋಡಿ ನನ್ನ ಹತ್ತಿರ ಬಂದರು. "98 ತೋರಸ್ತದ್ರೀ, ಎರಡು ಡಿಗ್ರಿ ಕೂಡಿಸಬೇಕೇನು?"

ಬೇಡ ಕಾಕಾ, ಅದು ಸರಿಯಾಗೇ ಇದೆ ಅಂದೆ. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 98ಕ್ಕೇ ಕುದಿಯುತ್ತೆ. 100 ನೋಡಬೇಕಂದ್ರೆ ಮುಂಬೈಗೆ ಹೋಗಬೇಕು. ಸಾಮಾನ್ಯ ದರ್ಜೆಯ ಕೆ-ಟೈಪ್ ಥರ್ಮೋಕಪಲ್‌ಗೆ 200 ಡಿಗ್ರಿಯ ಆಸುಪಾಸಿನಲ್ಲಿ ಹೇಗೂ 2.2 ಡಿಗ್ರಿ ಆಚೀಚೆ ಇರಬಹುದು ಅಂತ ಲೆಕ್ಕ.

ಆದರೆ ಈ ಪರೀಕ್ಷೆ ಪ್ರೋಬಿನ ಕೊಳೆಯನ್ನು ಹಿಡಿಯೋದೇ ಇಲ್ಲ. ನೀರು ಒಂದೇ ಬಿಸಿಯಲ್ಲಿ ನಿಂತಿರುತ್ತೆ, ಎಷ್ಟು ಜಿಡ್ಡು ಹಿಡಿದಿದ್ದರೂ ಸ್ವಲ್ಪ ಕಾದರೆ ಪ್ರೋಬ್ ಸರಿಯಾದ ಅಂಕೆಗೆ ಬಂದೇ ಬರುತ್ತೆ. ಡ್ರಮ್ಮಿನಲ್ಲಿ ಬೀಜದ ಬಿಸಿ ಕ್ಷಣಕ್ಷಣಕ್ಕೂ ಏರುತ್ತಿರುತ್ತೆ, ಅಲ್ಲಿ ಕಾಯೋಕೆ ಸಮಯ ಎಲ್ಲಿದೆ? ಪ್ರೋಬ್ ಹೊರಗೆ ತೆಗೆದು ನೋಡಿ, ತುದಿಗೆ ಕಂದು ಬಣ್ಣದ ಗಟ್ಟಿ ಪದರ ಕೂತಿರುತ್ತೆ. ಕಾಫಿ ಎಣ್ಣೆ, ಹೊಗೆ, ನಡುವೆ ಹೊಟ್ಟಿನ ಚೂರು. ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಏಳುತ್ತೆ. ಈ ಪದರ ಬಿಸಿಯನ್ನು ತಡೆಯೋದರಿಂದ, ಬೀಜದ ಬಿಸಿ ಏರುತ್ತಿರುವಾಗ ಪ್ರೋಬ್ ನಿಜಕ್ಕಿಂತ ಕಡಿಮೆ ತೋರಿಸುತ್ತೆ.

ಅದಕ್ಕೇ ನಾನು ಅಂಕೆಗಿಂತ ವೇಗ ನೋಡುತ್ತೇನೆ. ರೂಮಿನ ಬಿಸಿಯಿಂದ ಪ್ರೋಬನ್ನು ಕುದಿಯುವ ನೀರಿಗೆ ಹಾಕಿ 90 ಮುಟ್ಟೋಕೆ ಎಷ್ಟು ಸೆಕೆಂಡ್ ಬೇಕು ಅಂತ ಬರೆದಿಡಿ, ಪ್ರೋಬ್ ಹೊಸದಿರುವಾಗಲೇ. ಮುಂದೆ ಆ ಸಮಯ ಜಾಸ್ತಿಯಾದರೆ ತೊಳೆಯೋ ಹೊತ್ತು ಬಂತು ಅಂತಲೇ ಅರ್ಥ. ಇನ್ನೊಂದು ಗುರುತೂ ಇದೆ: ಅದೇ ಚಿಕ್ಕಮಗಳೂರು ಬೀಜ, ಅಷ್ಟೇ ತೂಕ, ಅಷ್ಟೇ ಉರಿ, ಆದರೂ ಫಸ್ಟ್ ಕ್ರ್ಯಾಕಿನ (ಹುರಿಯುವಾಗ ಬೀಜ ಮೊದಲ ಸಲ ಸಿಡಿಯೋದು) ಚಟಪಟ ಮೊದಲು 198ಕ್ಕೆ ಕೇಳುತ್ತಿದ್ದದ್ದು ಈಗ 194ಕ್ಕೇ ಕೇಳುತ್ತಿದೆ ಅಂದ್ರೆ, ಬೀಜ ಬದಲಾಗಿಲ್ಲ, ಪ್ರೋಬ್ ಹಿಂದೆ ಬಿದ್ದಿದೆ.

ತೊಳೆಯೋದು ಸುಲಭ. ಮಶೀನ್ ಆಫ್ ಮಾಡಿ ಪೂರ್ತಿ ಆರಲಿ. ಹಗುರ ಜಿಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬಟ್ಟೆ ಸಾಕು, ಒಣಗಿಸದೆ ಮಾತ್ರ ವಾಪಸ್ ಹಾಕಬೇಡಿ, ಬೆಂಕಿ ಹತ್ತುವ ವಸ್ತು ಅದು. ಹಳೆಯ ಕರಿಗೆ ಬಿಸಿನೀರಿನಲ್ಲಿ ಸೋಡಿಯಂ ಪರ್ಕಾರ್ಬೊನೇಟ್ ಕರಗಿಸಿ ಸ್ಟೀಲ್ ತುದಿಯನ್ನಷ್ಟೇ ನೆನೆಸಿ, ವೈರ್ ಕಡೆಗೆ ನೀರು ಹೋಗಬಾರದು. ಪಾತ್ರೆ ಉಜ್ಜುವ ಸ್ಟೀಲ್ ನಾರು, ಮರಳು ಕಾಗದ ದಯವಿಟ್ಟು ಬೇಡ.

ತೆಗೆಯೋ ಮೊದಲು ಪ್ರೋಬ್ ಎಷ್ಟು ಒಳಗಿದೆ ಅಂತ ಸ್ಕೇಲಿನಲ್ಲಿ ಅಳೆದುಕೊಳ್ಳಿ. ವಾಪಸ್ ಹಾಕುವಾಗ ತುದಿ ಬೀಜದ ರಾಶಿಯಿಂದ ಹೊರಗೆ ಉಳಿದರೆ ಅದು ಅಳೆಯೋದು ಗಾಳಿಯ ಬಿಸಿಯನ್ನು. ಆಮೇಲೆ ಮೊದಲ ಬ್ಯಾಚಿನಲ್ಲಿ ಕ್ರ್ಯಾಕ್ ಎಷ್ಟಕ್ಕೆ ಕೇಳುತ್ತೆ ನೋಡಿ. ಮೂರು ಡಿಗ್ರಿ ಮೇಲೆ ಹೋಗಿದ್ದರೆ ನಿಮ್ಮ ನೋಟ್‌ಬುಕ್ಕಿನಲ್ಲಿ ಬೀಜ ಇಳಿಸುವ ಅಂಕೆಯನ್ನೂ ಮೂರು ಡಿಗ್ರಿ ಏರಿಸಿ, ಇಲ್ಲದಿದ್ದರೆ ಹಳೆಯ ಅಂಕೆಗೆ ಇಳಿಸಿದ ಬೀಜ ಹಸಿಹಸಿಯಾಗೇ ಉಳಿಯುತ್ತೆ.